ಹುಬ್ಬಳ್ಳಿ-ಧಾರವಾಡದಲ್ಲಿ ನಿವೇಶನ ಕೊಳ್ಳುವ ಮುನ್ನ: ಹಣದ ಲೆಕ್ಕ, ಕಾಗದ, ನೆಲ

ಹುಬ್ಬಳ್ಳಿ-ಧಾರವಾಡದಲ್ಲಿ ಸ್ವಂತದ್ದೊಂದು ಮನೆ ಮಾಡಿಕೊಳ್ಳಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಬೆಲೆ, ಬೆಲೆಗಿಂತ ಹೆಚ್ಚು ನಷ್ಟ ಮಾಡುವುದು ಬೆಲೆಯ ಭಯ. ‘ಈ ದೀಪಾವಳಿಯೊಳಗೆ ಹಿಡಿಯದಿದ್ದರೆ ಮುಂದೆ ಈ ರೇಟಿಗೆ ಸಿಗುವುದಿಲ್ಲ’ ಎಂಬ ಏಜೆಂಟರ ಮಾತು ಕಿವಿಗೆ ಬಿದ್ದ ಕೂಡಲೇ ಸಂಚಕಾರದ (ಮುಂಗಡ) ಹಣ ಕೊಟ್ಟು, ಕಾಗದಗಳನ್ನು ಆಮೇಲೆ ವಕೀಲರ ಕೈಗೆ ಕೊಡುವ ರೂಢಿ ನಮ್ಮಲ್ಲಿ ಬಹಳ ಇದೆ. ಈ ಕ್ರಮ ತಲೆಕೆಳಗಾಗಬೇಕು. ಬೆಲೆ ಏರುವ ಕಾಲದಲ್ಲಿ ಕಾಗದ ನೋಡಲು ಹೋಗುವ ಒಂದು ತಿಂಗಳಿನಿಂದ ಕೊಳ್ಳುವವರಿಗೆ ಆಗುವ ನಷ್ಟ ಸಣ್ಣದು; ನೋಡದೆ ಕೊಂಡ ನಿವೇಶನದಿಂದ ಆಗುವ ನಷ್ಟ ಮಕ್ಕಳ ಕಾಲಕ್ಕೂ ತೀರುವುದಿಲ್ಲ.

ಇಲ್ಲಿನ ಕೊರತೆಯ ಸ್ವರೂಪವನ್ನು ತಿಳಿದರೆ ಮುಂದಿನ ಹೆಜ್ಜೆಗಳು ಸುಲಭವಾಗುತ್ತವೆ. ಮಂಗಳೂರಿನಂಥ ಕರಾವಳಿ ನಗರಕ್ಕೆ ಒಂದು ಕಡೆ ಸಮುದ್ರ, ನೇತ್ರಾವತಿ ಮತ್ತು ಗುರುಪುರ ನದಿಗಳು, ನಡುವೆ ಏರಿಳಿತದ ಗುಡ್ಡಗಳು ಇರುವುದರಿಂದ ಅಲ್ಲಿ ನೆಲವೇ ಕಡಿಮೆ, ಊರು ಮೇಲಕ್ಕೆ ಬೆಳೆಯುತ್ತದೆ. ನಮ್ಮ ಅವಳಿ ನಗರಕ್ಕೆ ನಾಲ್ಕೂ ದಿಕ್ಕಿಗೆ ಹೊಲ ಬಿದ್ದಿದೆ. ಇಲ್ಲಿ ಕಡಿಮೆ ಇರುವುದು ಕಾನೂನುಬದ್ಧವಾಗಿ ಅನುಮೋದನೆ ಪಡೆದ, ನೀರು, ಚರಂಡಿ, ರಸ್ತೆ ಇರುವ ನಿವೇಶನ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.43 ಲಕ್ಷ ಇತ್ತು. ಅದಾದ ಮೇಲೆ 2013ರಲ್ಲಿ ಧಾರವಾಡದ ಹೈಕೋರ್ಟ್ ಪೀಠ ಕಾಯಂ ಆಯಿತು, 2015 ಮತ್ತು 2016ರಲ್ಲಿ ಐಐಐಟಿ, ಐಐಟಿ ಬಂದವು, 2018ರಿಂದ ಎರಡೂ ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದದ ಪ್ರತ್ಯೇಕ ಪಥದಲ್ಲಿ ಚಿಗರಿ ಬಸ್ಸು ಓಡತೊಡಗಿತು. ಹೀಗಾಗಿ ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರಿನ ಉದ್ದಕ್ಕೂ ಬೇಡಿಕೆ ಒತ್ತಿಕೊಂಡು ಬಂದಿದೆ. ಅನುಮೋದಿತ ಬಡಾವಣೆಗಳು ಆ ವೇಗಕ್ಕೆ ಹುಟ್ಟುತ್ತಿಲ್ಲ. ಆ ಕೊರತೆಯನ್ನು ಅನುಮೋದನೆ ಇಲ್ಲದ ಗುಂಟಾ ಪ್ಲಾಟುಗಳು ತುಂಬುತ್ತಿವೆ.

ಮೊದಲು ಹಣದ ಲೆಕ್ಕ

ನಿವೇಶನ ನೋಡಲು ಗಾಡಿ ಹತ್ತುವ ಮೊದಲೇ ಬ್ಯಾಂಕಿಗೆ ಹೋಗಿ, ನಿಮ್ಮ ಸಂಬಳಕ್ಕೆ ಅಥವಾ ವ್ಯಾಪಾರದ ಆದಾಯಕ್ಕೆ ಎಷ್ಟು ಸಾಲ ಸಿಗುತ್ತದೆ ಎಂಬುದನ್ನು ಬರಹದಲ್ಲಿ ತಿಳಿದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲದಲ್ಲಿ ಆಸ್ತಿಯ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲದಲ್ಲಿ ಶೇ. 80ರವರೆಗೆ, ಅದಕ್ಕೂ ಮೇಲ್ಪಟ್ಟರೆ ಶೇ. 75ರವರೆಗೆ ಮಾತ್ರ ಬ್ಯಾಂಕು ಕೊಡಬಹುದು. ಇದು ಮೇಲ್ಮಿತಿ; ಬರೀ ನಿವೇಶನಕ್ಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ, ಜತೆಗೆ ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕೆಂಬ ಷರತ್ತೂ ಇರುತ್ತದೆ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವನ್ನು ಬ್ಯಾಂಕು ಆಸ್ತಿಯ ಮೌಲ್ಯಕ್ಕೆ ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಆ ಹಣ ನಿಮ್ಮ ಕೈಯಿಂದಲೇ ಹೋಗಬೇಕು.

ಆ ಹಣ ಸಣ್ಣದಲ್ಲ. ನಗರ ವ್ಯಾಪ್ತಿಯ 30 ಲಕ್ಷ ರೂಪಾಯಿಯ ನಿವೇಶನಕ್ಕೆ ಶೇ. 5ರಂತೆ ಮುದ್ರಾಂಕ ಶುಲ್ಕ 1.5 ಲಕ್ಷ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 18 ಸಾವಿರ, 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕದಂತೆ 60 ಸಾವಿರ, ಹೀಗೆ ಒಟ್ಟು 2.28 ಲಕ್ಷ ರೂಪಾಯಿ ಆಗುತ್ತದೆ. ಈ ಲೆಕ್ಕವನ್ನು ಖರೀದಿ ಬೆಲೆ ಮತ್ತು ಸರ್ಕಾರ ನಿಗದಿ ಮಾಡಿದ ಕನಿಷ್ಠ ಮೌಲ್ಯ (ಗೈಡನ್ಸ್ ವ್ಯಾಲ್ಯೂ) ಎರಡರಲ್ಲಿ ಹೆಚ್ಚಿನದರ ಮೇಲೆ ಹಾಕುತ್ತಾರೆ. ಆಸ್ತಿಯ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1ರಷ್ಟು ಆದಾಯ ತೆರಿಗೆಯನ್ನು (ಟಿಡಿಎಸ್) ಕಡಿದು ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ ಎಂಬುದೂ ನೆನಪಿರಲಿ.

ಕಂತಿನ ಅವಧಿಯನ್ನು ತೀರ್ಮಾನಿಸುವಾಗ ತಿಂಗಳ ಮೊತ್ತವನ್ನಷ್ಟೇ ನೋಡಬೇಡಿ. 25 ಲಕ್ಷ ಸಾಲಕ್ಕೆ ಶೇ. 8.5 ಬಡ್ಡಿ ಎಂದುಕೊಂಡರೆ 20 ವರ್ಷಕ್ಕೆ ತಿಂಗಳಿಗೆ ಸುಮಾರು 21,700 ರೂಪಾಯಿ, 15 ವರ್ಷಕ್ಕೆ ಸುಮಾರು 24,600 ರೂಪಾಯಿ ಕಟ್ಟಬೇಕು. ತಿಂಗಳಿಗೆ ಮೂರು ಸಾವಿರಕ್ಕೂ ಕಡಿಮೆ ಇರುವ ಈ ವ್ಯತ್ಯಾಸ ಕೊನೆಯಲ್ಲಿ ಏಳೂವರೆ ಲಕ್ಷ ರೂಪಾಯಿಗೂ ಮೀರಿದ ಬಡ್ಡಿಯನ್ನು ಉಳಿಸುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲವಾದ್ದರಿಂದ, ಬೋನಸ್ಸೋ ಹೊಲದ ಪೀಕಿನ ಹಣವೋ ಬಂದಾಗ ಅಸಲಿಗೆ ತುಂಬುವುದು ಲಾಭದ ದಾರಿ.

ಅರ್ಧ ಚೆಕ್ಕು, ಅರ್ಧ ನಗದು ಎಂಬ ವ್ಯವಹಾರಕ್ಕೆ ದಯವಿಟ್ಟು ಒಪ್ಪಬೇಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ವ್ಯವಹಾರ ಮುರಿದುಬಿದ್ದ ದಿನ ನಗದು ಕೊಟ್ಟದ್ದಕ್ಕೆ ನಿಮ್ಮ ಬಳಿ ಯಾವ ಸಾಕ್ಷಿಯೂ ಇರುವುದಿಲ್ಲ.

ಗುಂಟಾ ಪ್ಲಾಟಿನ ಅಗ್ಗ

ಒಂದು ಗುಂಟೆ ಎಂದರೆ 1,089 ಚದರ ಅಡಿ, 40 ಗುಂಟೆಗೆ ಒಂದು ಎಕರೆ. ಕೃಷಿ ಜಮೀನನ್ನು ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸದೆ, ಬಡಾವಣೆಯ ನಕ್ಷೆಗೆ ಅನುಮೋದನೆ ಪಡೆಯದೆ, ಕಲ್ಲು ನೆಟ್ಟು ಗುಂಟೆ ಲೆಕ್ಕದಲ್ಲಿ ಮಾರುವುದನ್ನು ನಮ್ಮ ಕಡೆ ಗುಂಟಾ ಪ್ಲಾಟ್ ಎನ್ನುತ್ತಾರೆ. ಇವುಗಳಲ್ಲಿ ಕೆಲವು ಬಾಂಡ್ ಪೇಪರಿನ ಮೇಲೆ ಮಾತ್ರ ಕೈ ಬದಲಾಗಿರುತ್ತವೆ, ಕೆಲವು ಒಂದೇ ಉತಾರದಲ್ಲಿ (ಪಹಣಿಯಲ್ಲಿ) ಹತ್ತಾರು ಮಂದಿಯ ಜಂಟಿ ಹೆಸರಿನಲ್ಲಿ ಇರುತ್ತವೆ, ಇನ್ನು ಕೆಲವು ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ಮಾರಿದವು. ಪವರ್ ಆಫ್ ಅಟಾರ್ನಿಯಿಂದ ಆಸ್ತಿಯ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ. ಜಂಟಿ ಉತಾರದಲ್ಲಿ ನಿಮ್ಮ ಹೆಸರು ಇದ್ದರೂ ನಿಮ್ಮ ಗುಂಟೆ ಹೊಲದ ಯಾವ ಮೂಲೆಯಲ್ಲಿದೆ ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಅನುಮೋದಿತ ನಿವೇಶನಕ್ಕಿಂತ ಇದು ಬಹಳ ಅಗ್ಗ ಎನ್ನುವುದು ನಿಜ, ಆ ಆಕರ್ಷಣೆಯೂ ಅರ್ಥವಾಗುವಂಥದ್ದೇ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲವಾದ್ದರಿಂದ ಹೊರಗಿನ ದುಬಾರಿ ಬಡ್ಡಿಗೆ ಹೋಗಬೇಕಾಗುತ್ತದೆ. ಕಟ್ಟಡ ಪರವಾನಗಿ ಸಿಗುವುದಿಲ್ಲ. ಪರವಾನಗಿ ಮತ್ತು ವಾಸಯೋಗ್ಯ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ತೊಡಕು ಇನ್ನೂ ಬಿಗಿಯಾಗಿದೆ. ಚಿಕ್ಕ ನಿವೇಶನಗಳಿಗೆ ಸದ್ಯ ಯಾವ ವಿನಾಯಿತಿ ಇದೆ ಎಂಬುದನ್ನು ನಿಮ್ಮ ಭಾಗದ ಹೆಸ್ಕಾಂ ಉಪವಿಭಾಗದ ಕಚೇರಿಯಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ರಸ್ತೆ, ಚರಂಡಿ, ನೀರಿನ ಕೊಳವೆಯನ್ನು ಪ್ಲಾಟಿನವರೇ ಸೇರಿ ಹಾಕಿಸಿಕೊಳ್ಳಬೇಕು. ಇವೆಲ್ಲವನ್ನೂ ಕೂಡಿಸಿದಾಗ ಅಗ್ಗದ ಬಹುಪಾಲು ಕರಗಿಹೋಗುತ್ತದೆ, ಉಳಿಯುವುದು ಮಾಲೀಕತ್ವದ ಅನುಮಾನ.

‘ಮುಂದೆ ಅಕ್ರಮ-ಸಕ್ರಮದಲ್ಲಿ ಆಗುತ್ತದೆ’ ಎಂಬ ಭರವಸೆಯ ಮೇಲೆ ಯಾರೂ ಹಣ ಹಾಕಬಾರದು. ರಾಜ್ಯದ ನಗರಗಳ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಆಸ್ತಿಗಳಿಗೆ ಬಿ ಖಾತಾ ಕೊಡುವ ಅಭಿಯಾನ ನಡೆದದ್ದು ಹೌದು. ಅದರಿಂದ ಆಸ್ತಿಯು ತೆರಿಗೆಯ ಪಟ್ಟಿಗೆ ಬಂತೇ ಹೊರತು ಬಡಾವಣೆ ಅಧಿಕೃತವಾಗಲಿಲ್ಲ. ತೆರಿಗೆ ಕಟ್ಟಿದ ಪಾವತಿಯನ್ನು ಮುಂದೆ ಹಿಡಿದು ‘ಎಲ್ಲ ಕ್ಲಿಯರ್ ಇದೆ’ ಎನ್ನುವವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಎನ್.ಎ. ಆದೇಶ ಮತ್ತು ಅನುಮೋದಿತ ಬಡಾವಣೆ ನಕ್ಷೆ ಎಲ್ಲಿ?

ಕಾಗದ ನೋಡುವ ಕ್ರಮ

ಕಾಗದಗಳ ಝೆರಾಕ್ಸ್ ಪ್ರತಿಗಳನ್ನು ಮಾರುವವರಿಂದ ಪಡೆಯಿರಿ, ಆದರೆ ಪರಿಶೀಲನೆಗೆ ಅವನ್ನು ನೆಚ್ಚಬೇಡಿ. ಪ್ರತಿಯೊಂದನ್ನೂ ಅದು ಹುಟ್ಟಿದ ಕಚೇರಿಯಿಂದಲೋ ಸರ್ಕಾರದ ಜಾಲತಾಣದಿಂದಲೋ ನೀವೇ ತೆಗೆಸಬೇಕು. ಮೂಲ ಹೊಲದ ಸರ್ವೆ ನಂಬರಿನಿಂದ ಆರಂಭಿಸಿ. ಉತಾರ ಮತ್ತು ಹಕ್ಕು ಬದಲಾವಣೆಯ ದಾಖಲೆಗಳನ್ನು ಕನಿಷ್ಠ 30 ವರ್ಷ ಹಿಂದಕ್ಕೆ ಓದಿ, ಜಮೀನು ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಬಂತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಖರೀದಿಯೇ, ವಾಟ್ನಿಯೇ (ಪಾಲುವಿಭಾಗ), ವಾರಸಾವೇ (ಉತ್ತರಾಧಿಕಾರ), ಬಕ್ಷೀಸ್ (ದಾನ) ಪತ್ರವೇ ಎಂಬುದು ಪ್ರತಿ ಹಂತದಲ್ಲೂ ಗೊತ್ತಾಗಬೇಕು. ಸರಪಳಿಯ ಒಂದು ಕೊಂಡಿ ಸಿಗದಿದ್ದರೂ ಮುಂದಕ್ಕೆ ಹೋಗಬೇಡಿ.

ವಾರಸಾ ದಾಖಲೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಭಾಗದ ದಾವೆಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಗದಗ ರಸ್ತೆಯ ಕಡೆಯ ಒಂದು ನಿವೇಶನದ ಕಾಗದಗಳನ್ನು ಪರಿಚಿತರೊಬ್ಬರ ಪರವಾಗಿ ನೋಡಿದ್ದೆ. ತಂದೆ ತೀರಿಕೊಂಡ ಮೇಲೆ ಆದ ಹಕ್ಕು ಬದಲಾವಣೆಯ ನೋಂದಿನಲ್ಲಿ ಮೂವರು ಗಂಡುಮಕ್ಕಳ ಹೆಸರು ಮಾತ್ರ ಇತ್ತು, ಮೂವರೂ ಸಹಿ ಮಾಡಿ ಮಾರಿದ್ದರು, ಎನ್.ಎ. ಆಗಿತ್ತು, ಆಸ್ತಿಯ ಮೇಲಿನ ಸಾಲ, ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವೂ (ಇ.ಸಿ.) ಸ್ವಚ್ಛವಾಗಿತ್ತು. ವಂಶಾವಳಿ ತರಿಸಿದಾಗ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆಂದು ತಿಳಿಯಿತು. ಅವರ ಸಹಿಯಾಗಲಿ, ಹಕ್ಕು ಬಿಟ್ಟ ಪತ್ರವಾಗಲಿ ಎಲ್ಲಿಯೂ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ‘ತಂಗಿಯಂದಿರು ಏನೂ ಅನ್ನುವುದಿಲ್ಲ, ಮದುವೆಯಲ್ಲಿ ಎಲ್ಲ ಕೊಟ್ಟಿದ್ದೇವೆ’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದು ನಿಲ್ಲಲೂಬಾರದು, ಏಕೆಂದರೆ ಅದು ಅವರ ಪಾಲು. ಹೆಣ್ಣುಮಕ್ಕಳೂ ಖರೀದಿ ಪತ್ರಕ್ಕೆ ಸಹಿ ಮಾಡಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು.

ಇದರ ಜತೆಗೇ ನೋಡಬೇಕಾದದ್ದು, ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರದಿಂದ ಮಂಜೂರಾಗಿತ್ತೇ ಎಂಬುದು. 1978ರ ಪಿ.ಟಿ.ಸಿ.ಎಲ್. ಕಾಯಿದೆಯಂತೆ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ಊರ್ಜಿತವಾಗುವುದಿಲ್ಲ, ಜಮೀನು ಮೂಲ ಮಂಜೂರಿದಾರರಿಗೆ ಮರಳುತ್ತದೆ.

ನಂತರ ಭೂ ಕಂದಾಯ ಕಾಯಿದೆಯ 95ನೇ ಕಲಮಿನಡಿ ಆದ ಪರಿವರ್ತನೆ ಆದೇಶವನ್ನು ಓದಿ. ಅದರಲ್ಲಿ ‘ವಾಸ’ದ ಉದ್ದೇಶ ಎಂದೇ ಇದೆಯೇ ನೋಡಿ. ಬಡಾವಣೆಯ ನಕ್ಷೆಗೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇರಬೇಕು. ನವನಗರದ ಪ್ರಾಧಿಕಾರದ ಕಚೇರಿಗೆ ಹೋಗಿ ನಿಮ್ಮ ಪ್ಲಾಟ್ ನಂಬರು ಅನುಮೋದಿತ ನಕ್ಷೆಯಲ್ಲಿ ವಾಸದ ನಿವೇಶನವೆಂದೇ ಇದೆಯೇ, ಉದ್ಯಾನ ಅಥವಾ ಸಿ.ಎ. (ನಾಗರಿಕ ಸೌಲಭ್ಯದ) ನಿವೇಶನದ ಜಾಗದಲ್ಲಿ ಬೀಳುತ್ತದೆಯೇ, ಅದನ್ನು ಪ್ರಾಧಿಕಾರ ಬಿಡುಗಡೆ ಮಾಡಿದೆಯೇ ಎಂದು ಕೇಳಿ. ರಸ್ತೆ, ಚರಂಡಿ, ವಿದ್ಯುತ್ ಕೆಲಸ ಮುಗಿದಂತೆ ಹಂತ ಹಂತವಾಗಿ ನಿವೇಶನಗಳ ಬಿಡುಗಡೆ ಆಗುವುದರಿಂದ, ಅನುಮೋದನೆ ಇದ್ದೂ ಬಿಡುಗಡೆಯಾಗದ ಪ್ಲಾಟುಗಳು ಇರುತ್ತವೆ.

ಪಾಲಿಕೆ ವ್ಯಾಪ್ತಿಯ ಆಸ್ತಿಗೆ ಈಗ ಇ-ಖಾತಾ (ಪಾಲಿಕೆಯ ಗಣಕೀಕೃತ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ನಡೆಯುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿ ಆಸ್ತಿಗಳ ಗಣಕ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಇದೆಯೇ, ಬರೀ 11ಬಿ ಇದೆಯೇ ಎಂಬುದು ಮುಖ್ಯ. 11ಬಿ ಮಾತ್ರ ಇದ್ದರೆ ಅದು ಅನುಮೋದಿತ ಆಸ್ತಿ ಎನ್ನುವಂತಿಲ್ಲ. ಹಳೆಯ ಓಣಿಗಳ ಮನೆಗಳಿಗೆ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡು ಬೇಕು, ಅದರ ಅಳತೆಗೂ ಸ್ಥಳದ ಅಳತೆಗೂ ತಾಳೆಯಾಗಬೇಕು. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿರುವುದರಿಂದ, ನಡುವಿನ ಬಡಾವಣೆಗಳವರು ತಮ್ಮ ಆಸ್ತಿ ಯಾವ ಕಚೇರಿಗೆ ಸೇರುತ್ತದೆ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಪಡೆಯಬಹುದು. ನೋಂದಣಿಯ ಹಿಂದಿನ ದಿನ ಇನ್ನೊಮ್ಮೆ ಪಡೆಯಿರಿ. ಋಣಭಾರ ಪತ್ರದಲ್ಲಿ ಎಲ್ಲ ದಾವೆಗಳೂ ಕಾಣಿಸುವುದಿಲ್ಲವಾದ್ದರಿಂದ ಮಾರುವವರ ಹೆಸರಿನ ಮೇಲೆ ನ್ಯಾಯಾಲಯದ ಜಾಲತಾಣದಲ್ಲಿಯೂ ಹುಡುಕಬೇಕು.

ಇಷ್ಟೆಲ್ಲ ಆದ ಮೇಲೆ ಸಿವಿಲ್ ವಕೀಲರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಆ ವಕೀಲರು ಮಾರುವವರೋ ಏಜೆಂಟರೋ ಸೂಚಿಸಿದವರಾಗಿರಬಾರದು.

ನೆಲವನ್ನು ಬೇಸಿಗೆಯಲ್ಲೂ ಮಳೆಯಲ್ಲೂ ನೋಡಿ

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು, ಹುಬ್ಬಳ್ಳಿಯಿಂದ ಪೂರ್ವಕ್ಕೆ ಕುಸುಗಲ್, ಅಣ್ಣಿಗೇರಿಯ ಕಡೆ ಸಾಗಿದಂತೆ ಕಪ್ಪು ಎರೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇ ತಿಂಗಳಲ್ಲಿ ಅಂಥ ಪ್ಲಾಟಿನಲ್ಲಿ ನಿಂತರೆ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು ಕಾಣುತ್ತವೆ, ಜುಲೈಯಲ್ಲಿ ಅದೇ ಜಾಗದಲ್ಲಿ ಚಪ್ಪಲಿ ಕಿತ್ತು ಬರುವುದಿಲ್ಲ. ಇಂಥ ನೆಲದ ಮೇಲೆ ಸಾದಾ ಪಾಯ ಹಾಕಿ ಕಟ್ಟಿದ ಮನೆಯ ಗೋಡೆಗಳು ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತವೆ. ಗಟ್ಟಿ ನೆಲ ಸಿಗುವವರೆಗೆ ಆಳಕ್ಕೆ ಹೋಗುವುದು, ಕಾಲಂ-ಬೀಮಿನ ಚೌಕಟ್ಟು, ಎರೆಯನ್ನು ತೆಗೆದು ಮೊರಂ ತುಂಬುವುದು, ಅಗತ್ಯವಿದ್ದರೆ ಬುಡ ಅಗಲಿಸಿದ ಪೈಲ್, ಇವು ಪರಿಹಾರಗಳು; ಎಲ್ಲಕ್ಕೂ ಹಣ ಬೇಕು. ಆದ್ದರಿಂದ ಎರೆಯ ಪ್ಲಾಟನ್ನೂ ಮಸಾರಿಯ ಪ್ಲಾಟನ್ನೂ ಹೋಲಿಸುವಾಗ ಪಾಯದ ಹೆಚ್ಚುವರಿ ಖರ್ಚನ್ನು ಎರೆಯ ಬೆಲೆಗೆ ಕೂಡಿಸಿಯೇ ಹೋಲಿಸಬೇಕು. ಕೊಳ್ಳುವ ಮೊದಲೇ ಎಂಜಿನಿಯರೊಬ್ಬರನ್ನು ಕರೆದೊಯ್ದು ಪರೀಕ್ಷಾ ಗುಂಡಿ ತೋಡಿಸಲು ಒಪ್ಪದ ಮಾರಾಟಗಾರರಿಂದ ದೂರವಿರುವುದು ಮೇಲು.

ನೀರಿನ ವಿಷಯವನ್ನು ಏಜೆಂಟರಿಗೆ ಕೇಳಬೇಡಿ, ಪಕ್ಕದ ಓಣಿಯ ಮನೆಯವರಿಗೆ ಕೇಳಿ. ಅವಳಿ ನಗರದ ನೀರು ಮುಖ್ಯವಾಗಿ ಸವದತ್ತಿಯ ಮಲಪ್ರಭಾ ಜಲಾಶಯದಿಂದ, ಒಂದಿಷ್ಟು ನೀರಸಾಗರದಿಂದ ಬರುತ್ತದೆ. ಕೆಲವು ವಾರ್ಡುಗಳಿಗೆ ದಿನವಿಡೀ ನೀರಿದ್ದರೆ, ಇನ್ನು ಕೆಲವೆಡೆ ಹಲವು ದಿನಗಳಿಗೊಮ್ಮೆ ಬಿಡುತ್ತಾರೆ. ಎಷ್ಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹೇಗೆ, ಬೋರಿನ ನೀರು ಎಷ್ಟು ಆಳಕ್ಕೆ ಸಿಕ್ಕಿದೆ, ಟ್ಯಾಂಕರಿಗೆ ಎಷ್ಟು ಕೊಡುತ್ತಾರೆ ಎಂಬುದನ್ನು ತಿಳಿದುಕೊಂಡರೆ ಆ ಬಡಾವಣೆಯ ನಿಜವಾದ ತಿಂಗಳ ಖರ್ಚು ಗೊತ್ತಾಗುತ್ತದೆ. ನಾಲಾ, ಕೆರೆಯ ಅಂಚು, ಹೈಟೆನ್ಷನ್ ತಂತಿ, ಬೈಪಾಸ್ ಅಥವಾ ವರ್ತುಲ ರಸ್ತೆಯ ಪ್ರಸ್ತಾವಿತ ಮಾರ್ಗ ಇವುಗಳ ಅಂತರವನ್ನು ಪ್ರಾಧಿಕಾರದ ಮಹಾ ಯೋಜನೆಯ ನಕ್ಷೆಯಲ್ಲಿ ನೋಡಿ.

ಫ್ಲ್ಯಾಟ್ ಕೊಳ್ಳುವವರಿಗೆ

ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯಡಿ ಯೋಜನೆಯ ನೋಂದಣಿ ಕಡ್ಡಾಯ. ಇದು ನಿವೇಶನಗಳ ಬಡಾವಣೆಗೂ ಅನ್ವಯಿಸುತ್ತದೆ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನಂಬರು ಹಾಕಿ ಅನುಮೋದಿತ ನಕ್ಷೆ, ಮುಗಿಸುವ ದಿನಾಂಕ, ದೂರುಗಳನ್ನು ಓದಿ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವ ಹಕ್ಕು ಬಿಲ್ಡರಿಗೆ ಇಲ್ಲ. ಬೆಲೆಯ ಮಾತು ಕಾರ್ಪೆಟ್ ಏರಿಯಾದ (ಫ್ಲ್ಯಾಟಿನ ಒಳಗೆ ನಿಜವಾಗಿ ಬಳಸಲು ಸಿಗುವ ನೆಲದ) ಮೇಲೆಯೇ ಆಗಬೇಕು. ಕಟ್ಟಡದ ರಚನೆಯಲ್ಲಿ ಐದು ವರ್ಷದೊಳಗೆ ದೋಷ ಕಂಡರೆ ಬಿಲ್ಡರು ಉಚಿತವಾಗಿ ಸರಿಪಡಿಸಿಕೊಡಬೇಕು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಜೀವ ಕಳೆದುಕೊಂಡರು. ಅದನ್ನು ಕಂಡ ಊರಿನವರು ಪರವಾನಗಿಗಿಂತ ಒಂದು ಮಹಡಿ ಹೆಚ್ಚು ಎದ್ದಿರುವ ಕಟ್ಟಡದಲ್ಲಿ ಎಷ್ಟೇ ಅಗ್ಗವಾದರೂ ಫ್ಲ್ಯಾಟ್ ಕೊಳ್ಳಬಾರದು. ಪರವಾನಗಿಯ ನಕ್ಷೆ ಹಿಡಿದು ಕಟ್ಟಡದ ಮುಂದೆ ನಿಂತು ಮಹಡಿಗಳನ್ನು ಎಣಿಸಿ. ವಾಸಯೋಗ್ಯ ಪ್ರಮಾಣಪತ್ರ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ.

ಆದಾಯ ಕಡಿಮೆ ಇರುವವರು ಪ್ರಾಧಿಕಾರ ಮತ್ತು ಕರ್ನಾಟಕ ಗೃಹ ಮಂಡಳಿಯ ಹಂಚಿಕೆ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಅಲ್ಲಿ ಮಾಲೀಕತ್ವದ ತೊಡಕು ಬಹಳ ಕಡಿಮೆ. 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲಿ, ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇಲ್ಲದ, ವಾರ್ಷಿಕ 9 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ, 35 ಲಕ್ಷದೊಳಗಿನ ಮನೆಯ ಮೇಲಿನ 25 ಲಕ್ಷದವರೆಗಿನ ಸಾಲಕ್ಕೆ ಗರಿಷ್ಠ 1.80 ಲಕ್ಷ ರೂಪಾಯಿ ಬಡ್ಡಿ ಸಹಾಯಧನವಿದೆ.

ನೋಂದಣಿಯ ನಂತರ

ಖರೀದಿ ಪತ್ರ ಕೈಗೆ ಬಂದ ವಾರದಲ್ಲಿಯೇ ಇ-ಖಾತಾವನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ, ಹಳೆಯ ಮಾಲೀಕರ ತೆರಿಗೆ ಬಾಕಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ತಿಂಗಳ ನಂತರ ಋಣಭಾರ ಪತ್ರ ತೆಗೆಸಿ ನಿಮ್ಮ ಖರೀದಿ ಅದರಲ್ಲಿ ದಾಖಲಾಗಿದೆಯೇ ನೋಡಿ. ಸರ್ವೆಯರರಿಂದ ಅಳತೆ ಮಾಡಿಸಿ ನಾಲ್ಕೂ ಮೂಲೆಗೆ ಕಲ್ಲು ಹಾಕಿಸಿ, ಕೂಡಲೇ ಮನೆ ಕಟ್ಟದಿದ್ದರೆ ತಂತಿ ಬೇಲಿ ಹಾಕಿಸಿ, ಹೆಸರು ಮತ್ತು ಪ್ಲಾಟ್ ನಂಬರಿನ ಫಲಕ ನಿಲ್ಲಿಸಿ. ಬೇರೆ ಊರಿನಲ್ಲಿ ನೌಕರಿ ಮಾಡುವವರು ವರ್ಷಕ್ಕೆರಡು ಬಾರಿಯಾದರೂ ಬಂದು ನೋಡಬೇಕು, ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳೊಳಗೆ ಕಟ್ಟಿ ಶೇ. 5ರ ರಿಯಾಯಿತಿ ಪಡೆದು ಪಾವತಿಗಳನ್ನು ಖರೀದಿ ಪತ್ರದ ಜತೆ ಒಂದೇ ಫೈಲಿನಲ್ಲಿ ಇಡಬೇಕು.